ಅರ್ಧ ಗಂಟೆಯ ಡ್ರಿಪ್‌ಗೆ 700 ಕಿಲೋಮೀಟರ್: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ವಿಷಯ: ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಅಪರೂಪದ ಮೂಳೆ ಕಾಯಿಲೆಯಿರುವ ಮಕ್ಕಳಿಗೆ ಅವರವರ ಜಿಲ್ಲೆಯಲ್ಲೇ ಔಷಧಿ ದೊರಕಿಸುವ ಬಗ್ಗೆ.

ನಾನು ಸರ್ಕಾರದ ಇಲಾಖೆಯೊಂದರಲ್ಲಿ 34 ವರ್ಷ ಕೆಲಸ ಮಾಡಿ ಅಧೀಕ್ಷಕನಾಗಿ ನಿವೃತ್ತನಾದವನು. ಸೇವೆಯಲ್ಲಿದ್ದಷ್ಟು ಕಾಲವೂ ಬೇರೆಯವರ ಸಹಿಗಾಗಿ ಕರಡು ಬರೆದವನಿಗೆ, ಸ್ವಂತ ಕಾರಣಕ್ಕಾಗಿ ಸಚಿವರೊಬ್ಬರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಪತ್ರದ ಕೊನೆಯಲ್ಲಿ ನಾನು ಕೇಳಲಿರುವುದು ಒಂದು ಸುತ್ತೋಲೆಯನ್ನು. ಅಂಥ ಸುತ್ತೋಲೆಗೆ ಆರ್ಥಿಕ ಇಲಾಖೆಯ ಸಹಮತಿಗಾಗಿ ಕಡತ ಅಲೆಯಬೇಕಾಗಿ ಬರಲಾರದು ಎಂಬುದನ್ನು ತಮ್ಮ ಕಚೇರಿಯ ಸಿಬ್ಬಂದಿ ನನಗಿಂತ ಚೆನ್ನಾಗಿ ಬಲ್ಲರು.

ನನ್ನ ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳು ಹುಟ್ಟಿ ನಲವತ್ತು ದಿನವೂ ತುಂಬಿರಲಿಲ್ಲ. ಬಾಣಂತನಕ್ಕೆಂದು ಗೊತ್ತುಮಾಡಿದ್ದ ಹೆಂಗಸು ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಬಿಸಿನೀರು ಎರೆದು, ಕೊನೆಗೆ ಎಡಗೈಯನ್ನು ಬಲಗಾಲಿಗೂ ಬಲಗೈಯನ್ನು ಎಡಗಾಲಿಗೂ ಮುಟ್ಟಿಸಿ ಮೈ ಸಡಿಲಿಸುತ್ತಿದ್ದಾಗ ಮಗು ಕಿಟಾರನೆ ಕಿರುಚಿತು. ಎಷ್ಟು ಹೊತ್ತಾದರೂ ಅಳು ನಿಲ್ಲಲಿಲ್ಲ. ಸಂಜೆ ಎಕ್ಸ್‌ರೇ ತೆಗೆಸಿದಾಗ ತೋಳಿನ ಮೂಳೆ ಮುರಿದಿತ್ತು. ಆ ಹೆಂಗಸಿನ ಲೆಕ್ಕ ಚುಕ್ತಾ ಮಾಡಿ, ನಾಳೆಯಿಂದ ಬರಬೇಡ ಎಂದೆವು. ಇಷ್ಟಕ್ಕೇ ಸುಮ್ಮನಾಗಿದ್ದರೂ ಆಗುತ್ತಿತ್ತು. ಆದರೆ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ನಾವೇ ಈ ಮಾತು ಆಡಿದೆವು. ಹನುಮಂತನಗರದ ಸುತ್ತಮುತ್ತ ಎಷ್ಟೋ ಕೂಸುಗಳನ್ನು ಎರೆದು ಬೆಳೆಸಿದ ಕೈ ಅದು. ಮಗುವಿನ ಕಾಯಿಲೆಯ ಹೆಸರು ತಿಳಿದ ಮೇಲೆ ನಾನೇ ಆಕೆಯನ್ನು ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅವರು ಮನೆ ಬದಲಾಯಿಸಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಏಳನೆಯ ತಿಂಗಳಲ್ಲಿ ಎರಡನೆಯ ಮುರಿತವಾಯಿತು. ಡಯಾಪರ್ ಬದಲಾಯಿಸಲು ನನ್ನ ಮಗಳು ಎಲ್ಲ ತಾಯಂದಿರಂತೆ ಕೂಸಿನ ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಹಿಡಿದು ಎತ್ತಿದಳು. ತೊಡೆಯ ಮೂಳೆ ಮುರಿಯಿತು. ನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ವೈದ್ಯರು ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಮನೆಯಲ್ಲಿ ಯಾರಾದರೂ ಮಗುವನ್ನು ಹೊಡೆಯುತ್ತಾರೆಯೇ?" ಎಂದು ನನ್ನ ಮಗಳನ್ನೇ ಕೇಳಿದರು. ಪೊಲೀಸ್ ಠಾಣೆಗೆ ವರದಿ ಹೋಯಿತು. ಎರಡು ಸಂಜೆ ನಾವು ಠಾಣೆಯ ಬೆಂಚಿನ ಮೇಲೆ ಕುಳಿತೆವು. ಈ ವಿಷಯದಲ್ಲಿ ನನಗೆ ಆ ವೈದ್ಯರ ಮೇಲೆ ಸಿಟ್ಟಿಲ್ಲ ಎಂದರೆ ಮನೆಯವರಿಗೆ ಇಂದಿಗೂ ಇಷ್ಟವಾಗುವುದಿಲ್ಲ. ಏಳು ತಿಂಗಳ ಕೂಸಿಗೆ ಎರಡು ಮುರಿತಗಳಿದ್ದರೆ ಆ ಪ್ರಶ್ನೆಯನ್ನು ಕೇಳಲೇಬೇಕು. ಕೇಳದಿದ್ದರೆ ನಿಜವಾಗಿ ಏಟು ತಿನ್ನುವ ಮಗುವಿಗೆ ದಿಕ್ಕು ಯಾರು? ನನ್ನ ದೂರು ಇಷ್ಟೇ: ಅದರ ಬೆನ್ನಿಗೇ ಕೇಳಬೇಕಾಗಿದ್ದ, ಮಗುವಿನ ಮೂಳೆಯಲ್ಲೇ ಏನಾದರೂ ದೋಷವಿದೆಯೇ ಎಂಬ ಎರಡನೆಯ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ.

ಮಗುವಿನ ಕಣ್ಣನ್ನು ನೋಡಿದ್ದರೆ ಹೊಳೆಯುತ್ತಿತ್ತು. ಅವಳ ಕಣ್ಣಿನ ಬಿಳಿಭಾಗ, ನೀಲಿ ಹಾಕಿ ಹಿಂಡಿದ ಬಿಳಿ ಪಂಚೆಯ ಬಣ್ಣದ್ದು. ನೆಂಟರಿಷ್ಟರೆಲ್ಲ "ಎಂಥ ಚೆಂದದ ಕಣ್ಣು" ಎಂದು ಹೊಗಳಿದ್ದರು. ದೃಷ್ಟಿಯಾದೀತೆಂದು ನನ್ನ ಹೆಂಡತಿ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಿದ್ದಳು. ಎಳೆಗೂಸುಗಳ ಕಣ್ಣು ಮೊದಲ ಕೆಲವು ತಿಂಗಳು ತುಸು ನೀಲಿಯಾಗಿ ಕಾಣುವುದುಂಟು, ಈ ಕಾಯಿಲೆಯಿದ್ದೂ ಕಣ್ಣು ಬೆಳ್ಳಗೇ ಇರುವ ಮಕ್ಕಳೂ ಇದ್ದಾರೆ. ಆದ್ದರಿಂದ ಕಣ್ಣೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಆದರೆ ಮೇಲಿಂದ ಮೇಲೆ ಮುರಿಯುವ ಮೂಳೆಯ ಜೊತೆಗೆ ಕಣ್ಣಿನಲ್ಲಿ ಈ ನೀಲಿಯೂ ಇದ್ದರೆ ಯಾವ ವೈದ್ಯರಾದರೂ ಒಂದು ಕ್ಷಣ ನಿಲ್ಲಬೇಕು. ನಮಗೆ ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ಮಗುವಿಗೆ ಎರಡು ವರ್ಷ ದಾಟಿತ್ತು, ಮುರಿತಗಳ ಸಂಖ್ಯೆ ಆರಕ್ಕೆ ಏರಿತ್ತು.

ಆ ಹೆಸರು ಉದ್ದ. ನಮ್ಮಂಥ ಮನೆಗಳಲ್ಲಿ ಅದನ್ನು 'ಓ.ಐ.' ಎನ್ನುತ್ತೇವೆ. ಪತ್ರಿಕೆಯವರು 'ಗಾಜಿನ ಮೂಳೆ' ಎಂದು ಬರೆಯುವುದುಂಟು. ನನಗೆ ಆ ಮಾತು ಹಿಡಿಸುವುದಿಲ್ಲ, ಏಕೆಂದರೆ ಒಡೆದ ಗಾಜು ಕೂಡುವುದಿಲ್ಲ, ಈ ಮಕ್ಕಳ ಮೂಳೆ ಉಳಿದ ಮಕ್ಕಳ ಮೂಳೆಯಷ್ಟೇ ದಿನದಲ್ಲಿ ಕೂಡಿಕೊಳ್ಳುತ್ತದೆ. ತೊಂದರೆ ಇರುವುದು ಮೂಳೆಯೊಳಗಿನ ಕೊಲಾಜೆನ್ ಎಂಬ ನಾರಿನಲ್ಲಿ. ಹಿಂದೆ ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ಲ, ಆ ಹುಲ್ಲಿನ ಕೆಲಸವನ್ನು ಮೂಳೆಯಲ್ಲಿ ಈ ನಾರು ಮಾಡುತ್ತದೆ. ಹುಲ್ಲು ಕಡಿಮೆಯಾದರೆ ಅಥವಾ ಕೊಳೆತದ್ದಾದರೆ, ಮಣ್ಣು ಎಷ್ಟೇ ಒಳ್ಳೆಯದಿದ್ದರೂ ಗೋಡೆ ಬಿರುಕು ಬಿಡುತ್ತದೆ. ಹೆಚ್ಚಿನವರಲ್ಲಿ ದೋಷವಿರುವುದು 17ನೆಯ ಮತ್ತು 7ನೆಯ ವರ್ಣತಂತುಗಳಲ್ಲಿರುವ ಎರಡು ಜೀನ್‌ಗಳ ಪೈಕಿ ಒಂದರಲ್ಲಿ. ಅದು ತಂದೆ ಅಥವಾ ತಾಯಿಯಿಂದ ಬಂದಿರಬಹುದು, ಇಲ್ಲವೇ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿರಬಹುದು. ನಮ್ಮ ಮಗುವಿನದು ಹೀಗೆ ಹೊಸದಾಗಿ ಹುಟ್ಟಿದ್ದು. ಇದು ತಿಳಿಯುವವರೆಗೆ ನನ್ನ ಮಗಳು ಬೀಗರ ಮನೆಯಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. "ಸೋದರಿಕೆಯಲ್ಲಿ ಕೊಟ್ಟಿದ್ದೀರಾ?" ಎಂದು ಕೇಳದವರೇ ಇಲ್ಲ. ಕೊಟ್ಟಿರಲಿಲ್ಲ. ಹತ್ತಿರದ ಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳೂ ಈ ಕಾಯಿಲೆಯಲ್ಲಿ ಇರುವುದು ನಿಜ, ಅಂಥ ಮನೆಗಳಿಗೆ ಎರಡನೆಯ ಮಗುವಿಗೆ ಮುಂಚೆ ತಜ್ಞರ ಸಲಹೆ ಸಿಗಬೇಕಾದದ್ದೂ ನಿಜ. ಸಲಹೆಗೂ ಹಂಗಿಸುವುದಕ್ಕೂ ವ್ಯತ್ಯಾಸವಿದೆ.

ಈಗ ಔಷಧಿಯ ವಿಷಯ. ಜೀನ್ ಸರಿಪಡಿಸುವ ಔಷಧಿ ಇನ್ನೂ ಬಂದಿಲ್ಲ. ಆದರೆ ಮೂಳೆ ಎಂಬುದು ಒಳಗೊಳಗೇ ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ವಸ್ತು. ಆ ಕರಗುವಿಕೆಯನ್ನು ನಿಧಾನಗೊಳಿಸುವ ಬಿಸ್‌ಫಾಸ್ಫೊನೇಟ್ ಎಂಬ ಗುಂಪಿನ ಔಷಧಿಗಳಿವೆ. ಕೆನಡಾದ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೂ ಮತ್ತು ಅವರ ಸಂಗಡಿಗರು ಈ ಗುಂಪಿನ ಪಾಮಿಡ್ರೊನೇಟ್ ಅನ್ನು 30 ಮಕ್ಕಳಿಗೆ ಕೊಟ್ಟು, ಮೂಳೆ ಗಟ್ಟಿಯಾದದ್ದನ್ನೂ ಮುರಿತ ಕಡಿಮೆಯಾದದ್ದನ್ನೂ 1998ರಲ್ಲಿ ಪ್ರಕಟಿಸಿದರು. ಆಮೇಲೆ ಬಂದ ಜೋಲೆಡ್ರೊನಿಕ್ ಆಮ್ಲವನ್ನು ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೊಟ್ಟು ಮುಗಿಸಬಹುದು. ನಮ್ಮ ಮಗುವಿಗೆ ಕೊಡುತ್ತಿರುವುದು ಇದನ್ನೇ. ಪ್ರತಿ ಡೋಸ್ ಬೆಳೆಯುವ ಮೂಳೆಯ ತುದಿಯಲ್ಲಿ ಒಂದು ಬಿಳಿ ಗೆರೆ ಬಿಟ್ಟುಹೋಗುತ್ತದೆ, ಎಕ್ಸ್‌ರೇಯಲ್ಲಿ ಅವು ಒಂದರ ಮೇಲೊಂದು ಅಡ್ಡಗೆರೆಗಳಾಗಿ ಕಾಣುತ್ತವೆ. ಮೊಮ್ಮಗಳು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಶಿವರಾತ್ರಿದು, ಇದು ಗಣಪತಿ ಹಬ್ಬದ್ದು, ಇದು ನಂಗೆ ಜ್ವರ ಬಂದಿದ್ದು" ಎಂದು ಬೆರಳಿಟ್ಟು ಎಣಿಸುತ್ತಾಳೆ. ಡ್ರಿಪ್ ಶುರುವಾದ ಮೇಲಿನ ಆರು ವರ್ಷಗಳಲ್ಲಿ ಅವಳಿಗೆ ಆದ ಮುರಿತಗಳು ಮೂರು.

ಈ ಔಷಧಿ ನನಗೆ ಹೊಸದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮೂಳೆ ಸವೆತಕ್ಕಾಗಿ ನನ್ನ ಹೆಂಡತಿಗೆ ವರ್ಷಕ್ಕೊಮ್ಮೆ ಕೊಡುವುದೂ ಜೋಲೆಡ್ರೊನಿಕ್ ಆಮ್ಲವೇ; ಪ್ರಮಾಣ ಬೇರೆ, ಹೆಸರು ಅದೇ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೂ ಅದನ್ನು ಕೊಡುತ್ತಾರೆ. ಅವಳು ಅದನ್ನು ಹಾಕಿಸಿಕೊಳ್ಳುವುದು ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ, ಹದಿನೈದು ಹಾಸಿಗೆಗಳ ನರ್ಸಿಂಗ್ ಹೋಮ್‌ನಲ್ಲಿ. ಬೆಳಿಗ್ಗೆ ತಿಂಡಿ ತಿಂದು ಹೋಗಿ ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಬರುತ್ತಾಳೆ.

ಮೊಮ್ಮಗಳನ್ನು ಕರೆದುಕೊಂಡು ಹೋಗುವುದು ಇಷ್ಟು ಸಲೀಸಲ್ಲ. ಮನೆಯಿಂದ ಆಸ್ಪತ್ರೆಯವರೆಗೆ ರಸ್ತೆಯಲ್ಲಿ 23 ಹಂಪುಗಳಿವೆ, ಗುಂಡಿಗಳ ಲೆಕ್ಕ ಮಳೆಗಾಲಕ್ಕೊಂದು ಬೇಸಿಗೆಗೊಂದು. ನಮಗೆ ಗೊತ್ತಿರುವ ಆಟೋದವರೊಬ್ಬರಿದ್ದಾರೆ. ಮಗು ತೊಡೆಯ ಮೇಲಿದ್ದರೆ ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಕಿವಿಗೆ ಹಾಕಿಕೊಳ್ಳದೆ, ಪ್ರತಿ ಹಂಪಿನ ಮುಂದೆ ಗಾಡಿ ನಿಲ್ಲಿಸಿ, ತೇರು ಇಳಿಸಿದ ಹಾಗೆ ಇಳಿಸುತ್ತಾರೆ. ಇಷ್ಟು ಅನುಕೂಲವಿದ್ದೂ ಅವತ್ತು ಮನೆಗೆ ಬಂದು ಮಗುವನ್ನು ಹಾಸಿಗೆಯ ಮೇಲೆ ಬಿಡುವತನಕ ನನ್ನ ಜೀವ ಕೈಯಲ್ಲಿರುತ್ತದೆ.

ಕಳೆದ ಬಾರಿ ಡ್ರಿಪ್ ಕೊಠಡಿಯಲ್ಲಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಬೀದರ್ ಜಿಲ್ಲೆಯ ಐದು ವರ್ಷದ ಹುಡುಗನಿದ್ದ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಅವನ ತಾಯಿ ಬಸ್ಸಿನಲ್ಲಿ ಮಡಿಲಿಗೆ ಎರಡು ದಿಂಬು ಇಟ್ಟು, ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ಬಂದಿದ್ದಳು. "ಸೂಜಿಗಿ ಅರ್ಧ ತಾಸು ಸಾಕ್ರಿ ಅಜ್ಜಾರ, ಬಸ್ಸಿಗಿ ಒಂದ್ ರಾತ್ರಿ ಬರೂದು, ಒಂದ್ ರಾತ್ರಿ ಹೋಗೂದು" ಎಂದಳು. ಅದಕ್ಕೂ ಹಿಂದಿನ ಸಲ ಬರುವಾಗ, ಎಲ್ಲರೂ ನಿದ್ದೆಯಲ್ಲಿದ್ದ ಹೊತ್ತಿನಲ್ಲಿ ಬಸ್ಸು ಹಂಪಿನ ಮೇಲೆ ಎಗರಿ ಹುಡುಗನ ತೊಡೆಮೂಳೆ ಮುರಿದಿತ್ತಂತೆ. ಮೂಳೆ ಗಟ್ಟಿಯಾಗಲೆಂದು ಕೊಡುವ ಔಷಧಿಗಾಗಿ ಬರುವ ದಾರಿಯಲ್ಲೇ ಮೂಳೆ ಮುರಿಯಿತು. ಸಚಿವರೇ, ಈ ಪತ್ರ ಬರೆಯಲು ಕೂತದ್ದು ಆ ರಾತ್ರಿ.

ಆ ತಾಯಿ ಬೆಂಗಳೂರಿಗೇ ಏಕೆ ಬರಬೇಕು ಎಂದು ನಾನು ಕಾಗದಪತ್ರ ಹುಡುಕಿ ಓದಿದೆ, ಹಳೆಯ ಅಭ್ಯಾಸ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಈ ಕಾಯಿಲೆಗಳನ್ನು ಮೂರು ಗುಂಪು ಮಾಡುತ್ತದೆ. ಓ.ಐ. ಮತ್ತು ಅದಕ್ಕೆ ಬಿಸ್‌ಫಾಸ್ಫೊನೇಟ್ ಚಿಕಿತ್ಸೆ ಎಂಬುದು ಎರಡನೆಯ ಗುಂಪಿನಲ್ಲಿದೆ, ಅಂದರೆ ದೀರ್ಘಕಾಲ ಬೇಕಾಗುವ, ಆದರೆ ಹೋಲಿಕೆಯಲ್ಲಿ ಕಡಿಮೆ ವೆಚ್ಚದ ಚಿಕಿತ್ಸೆಯಿರುವ ಕಾಯಿಲೆಗಳ ಸಾಲಿನಲ್ಲಿ. ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ನೀಡಲು 2022ರಿಂದ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಆ ಕೇಂದ್ರವೆಂದರೆ ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಅದರ ಜೊತೆಗಿರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಎರಡೂ ಬೆಂಗಳೂರಿನಲ್ಲಿವೆ. ಆದರೆ ಅದೇ ನೀತಿಯಲ್ಲಿ ಇನ್ನೊಂದು ಮಾತಿದೆ: ಎರಡನೆಯ ಗುಂಪಿನ ಕಾಯಿಲೆಗಳಂತೆ ಕಡಿಮೆ ವೆಚ್ಚದಲ್ಲಿ ನಿಭಾಯಿಸಬಹುದಾದವುಗಳ ರೋಗಿಗಳಿಗೆ ರಾಜ್ಯ ಸರ್ಕಾರಗಳು ನೆರವಾಗುವುದನ್ನು ಪರಿಗಣಿಸಬಹುದು. ಸರ್ಕಾರಿ ಭಾಷೆಯಲ್ಲಿ 'ಪರಿಗಣಿಸಬಹುದು' ಎಂಬ ಪದಕ್ಕೆ ಎಷ್ಟು ತೂಕವೆಂದು ನನಗೆ ಗೊತ್ತು; ಯಾರಾದರೂ ಕಡತ ತೆರೆಯುವವರೆಗೆ ಅದು ಕಾಗದದ ಮೇಲೇ ಮಲಗಿರುತ್ತದೆ. ಆ ಕಡತವನ್ನು ತೆರೆಯಬೇಕಾದವರು ತಾವು.

ಬೆಂಗಳೂರಿನಲ್ಲೇ ಆಗಬೇಕಾದ ಕೆಲಸ ಇಲ್ಲವೆಂದು ನಾನು ಹೇಳುವುದಿಲ್ಲ. ಜೀನ್ ಪರೀಕ್ಷೆ, ಕಾಯಿಲೆಯ ಬಗೆಯನ್ನು ನಿಶ್ಚಯಿಸುವುದು, ಮೊದಲ ಡೋಸ್, ಬಾಗಿದ ಕಾಲಿನ ಮೂಳೆಯನ್ನು ಕತ್ತರಿಸಿ ನೇರ ಮಾಡಿ, ಮಗು ಬೆಳೆದಂತೆ ತಾನೂ ಉದ್ದವಾಗುವ ಸರಳನ್ನು ಒಳಗೆ ಕೂರಿಸುವ ಶಸ್ತ್ರಚಿಕಿತ್ಸೆ, ಇವಕ್ಕೆಲ್ಲ ನುರಿತ ಕೈ ಬೇಕು. ಇವುಗಳಿಗಾಗಿ ಬೀದರಿನವರು ಒಮ್ಮೆ ಬರಲಿ, ಮೂರು ಸಲ ಬರಲಿ. ಆದರೆ ಆರು ತಿಂಗಳಿಗೊಮ್ಮೆಯ ಮುಂದಿನ ಡ್ರಿಪ್‌ಗಳಿಗೆ ಬೇಕಾದದ್ದೇನು? ತೂಕ ನೋಡಿ ಪ್ರಮಾಣ ಲೆಕ್ಕಹಾಕಬಲ್ಲ ಮಕ್ಕಳ ವೈದ್ಯರು, ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಪ್ರಯೋಗಾಲಯ, ಒಂದು ಹಾಸಿಗೆ, ಆ ಮೇಲೆ ತುಸು ಹೊತ್ತಿನ ನಿಗಾ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಕಲಬುರಗಿ, ಬೀದರ್‌ಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಇವು ಇಲ್ಲವೆಂದರೆ ನಾನು ನಂಬುವುದಿಲ್ಲ.

ಆಕ್ಷೇಪಣೆಗಳು ಬರುತ್ತವೆ; ನಾನೂ ಕಡತಗಳ ಮೇಲೆ ಆಕ್ಷೇಪಣೆ ಬರೆದವನೇ. ಅಡ್ಡಪರಿಣಾಮಗಳಿವೆ ಎನ್ನುವರು. ಇವೆ. ಮೊದಲ ಡೋಸ್‌ನ ಮರುದಿನ ನಮ್ಮ ಮಗುವಿಗೆ ಜ್ವರ, ಮೈಕೈ ನೋವು ಬಂದಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವ ಅಪಾಯವೂ ಇದೆ. ಅದಕ್ಕಾಗಿಯೇ ಮೊದಲ ಡೋಸ್ ಬೆಂಗಳೂರಿನಲ್ಲಿ ಆಗಲಿ ಎಂದದ್ದು. ಆಮೇಲಿನವುಗಳಲ್ಲಿ ಜ್ವರ ಸಾಮಾನ್ಯವಾಗಿ ಇಷ್ಟು ಕಾಡುವುದಿಲ್ಲ, ಕ್ಯಾಲ್ಸಿಯಂ ಅನ್ನು ಮುಂಚೆಯೇ ಸರಿಪಡಿಸಿಕೊಳ್ಳಬಹುದು. ಇನ್ನು, ರೋಗಿಗಳ ಸಂಖ್ಯೆ ಬಹಳ ಕಡಿಮೆ ಎನ್ನುವರು. ಸುಮಾರು 15,000ದಿಂದ 20,000 ಜನನಗಳಲ್ಲಿ ಒಂದು ಎಂಬುದು ವೈದ್ಯರು ಕೊಡುವ ಅಂದಾಜು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 6.11 ಕೋಟಿ. ಭಾಗಿಸಿ ನೋಡಿದರೆ ಮೂರು ಸಾವಿರದ ಮೇಲೆ ಬರುತ್ತದೆ. ತೀವ್ರ ಬಗೆಯ ಕೂಸುಗಳು ಹುಟ್ಟುತ್ತಲೇ ತೀರಿಕೊಳ್ಳುವುದನ್ನು ಕಳೆದರೂ ಜಿಲ್ಲೆಗೆ ಹತ್ತಾರು ಮಂದಿ ಉಳಿಯುತ್ತಾರೆ. ಇದು ನಿವೃತ್ತ ಗುಮಾಸ್ತನ ಕೈಲೆಕ್ಕ. ಸರ್ಕಾರದ ಲೆಕ್ಕ ಬೇಕೆಂದರೆ ಎಣಿಸಬೇಕು.

ಎಣಿಸುವ ಜನವೂ ತಮ್ಮ ಬಳಿ ಇದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡಬೇಕಾದ ತೊಂದರೆಗಳಲ್ಲಿ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಇದೆ, ಆದ್ದರಿಂದ ಬಾಗಿದ ಕಾಲನ್ನು ಅವರು ಹೇಗೂ ನೋಡುತ್ತಾರೆ. ಕಾಲು ಬಾಗಿದ ಮಗುವಿನ ಕಣ್ಣನ್ನೂ ಹಲ್ಲನ್ನೂ ಒಮ್ಮೆ ನೋಡಿ, ಎಷ್ಟು ಸಲ ಮೂಳೆ ಮುರಿದಿದೆ ಎಂದು ತಾಯಿಯನ್ನು ಕೇಳುವುದಕ್ಕೆ ಎರಡು ನಿಮಿಷ ಹೆಚ್ಚು ಹಿಡಿದೀತು.

ನಮ್ಮ ರಾಜ್ಯಕ್ಕೆ ಇಂಥ ಕಾಯಿಲೆ ಹೊಸದೂ ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದಲ್ಲಿ ಗುರುತಿಗೆ ಬಂದ, ಕೀಲುಗಳನ್ನು ಹಾಳುಮಾಡಿ ಜನರನ್ನು ನೆಲಕ್ಕೆ ಕೂರಿಸಿದ ಕಾಯಿಲೆಗೆ ಊರಿನ ಹೆಸರೇ ಉಳಿದಿದೆ. ಗದ್ದೆಗೆ ಹೊಡೆದ ಕೀಟನಾಶಕವೆಂದು, ಗದ್ದೆಯ ಏಡಿ ತಿಂದದ್ದೆಂದು ಮೊದಮೊದಲು ಅನುಮಾನ ಪಟ್ಟರು. ವಂಶವಾಹಿಯದೆಂದು ಆಮೇಲೆ ತಿಳಿಯಿತು. ಅದನ್ನು ತಿಳಿಯಲು ವಿಜ್ಞಾನಿಗಳೇ ಆ ಊರಿಗೆ ಹೋಗಿದ್ದರು. ಊರನ್ನು ಹೈದರಾಬಾದಿಗೋ ಬೆಂಗಳೂರಿಗೋ ಕರೆಸಿಕೊಂಡಿರಲಿಲ್ಲ.

ಶಾಲೆಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಎರಡನೆಯ ಮಹಡಿಯ ತರಗತಿಯನ್ನು ನೆಲಮಹಡಿಗೆ ಇಳಿಸಿಕೊಳ್ಳಲು ನಾವು ಪಟ್ಟ ಪಾಡು ಇನ್ನೊಂದು ಇಲಾಖೆಗೆ, ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ.

ನಾನು ಕೇಳುವ ಸುತ್ತೋಲೆ ಹೀಗಿರಲಿ. ಬೆಂಗಳೂರಿನ ಕೇಂದ್ರದಲ್ಲಿ ಓ.ಐ. ಎಂದು ಖಚಿತವಾಗಿ, ಮೊದಲ ಡೋಸ್ ಆದ ಮಗುವಿಗೆ, ಆ ಕೇಂದ್ರದ ವೈದ್ಯರು ಬರೆದುಕೊಟ್ಟ ಚಿಕಿತ್ಸಾ ಯೋಜನೆಯಂತೆ ಮುಂದಿನ ಡೋಸ್‌ಗಳನ್ನು ಆಯಾ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೊಡತಕ್ಕದ್ದು. ಔಷಧಿಯನ್ನು ಆ ಆಸ್ಪತ್ರೆಯೇ ತರಿಸಿಡತಕ್ಕದ್ದು. ವರ್ಷಕ್ಕೊಮ್ಮೆ ಮಾತ್ರ ಮಗು ಬೆಂಗಳೂರಿಗೆ ಬಂದು ತೋರಿಸತಕ್ಕದ್ದು. ಮಗುವಿನ ಕಾಯಿಲೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಮೊಹರು ಹಾಕಿದ ಒಂದು ಪುಟದ ಪತ್ರವನ್ನು ಕೇಂದ್ರ ಕೊಡಬೇಕು, ಅದನ್ನು ರಾಜ್ಯದ ಎಲ್ಲ ಆಸ್ಪತ್ರೆಗಳ ತುರ್ತು ವಿಭಾಗಗಳು ಮಾನ್ಯ ಮಾಡಬೇಕು. ಆ ಪತ್ರದಲ್ಲಿ ಮಗುವನ್ನು ಎತ್ತುವ ಕ್ರಮವನ್ನೂ ಬರೆದಿರಲಿ: ಕಂಕುಳಿಗೆ ಕೈ ಕೊಟ್ಟು ಎಳೆಯಬಾರದು, ಪಾದ ಹಿಡಿದು ಎತ್ತಬಾರದು, ಬೆನ್ನಿನ ಕೆಳಗೊಂದು ಅಂಡಿನ ಕೆಳಗೊಂದು ಅಂಗೈ ಅಗಲಿಸಿಟ್ಟು, ಬಾಳೆಎಲೆಯ ಮೇಲಿನ ಊಟವನ್ನು ಎತ್ತಿದಂತೆ ಒಟ್ಟಿಗೇ ಎತ್ತಬೇಕು. ಕೊನೆಯ ಹೋಲಿಕೆ ನನ್ನ ಹೆಂಡತಿಯದು. ಸುತ್ತೋಲೆಗೆ ಸರಿಹೊಂದದಿದ್ದರೆ ತೆಗೆಯಬಹುದು.

ಈ ಸುತ್ತೋಲೆಯ ಕರಡನ್ನು ನಾನೇ ಬರೆದು, ತಮ್ಮ ಕಚೇರಿಗೆ ಕಳುಹಿಸಿರುವ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ಒಂದೂವರೆ ಪುಟವಿದೆ. ಕ್ರಮಸಂಖ್ಯೆ ಮತ್ತು ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಬೀದರಿನ ಹುಡುಗನ ಮುಂದಿನ ಡೋಸ್ ನವೆಂಬರ್ ತಿಂಗಳ ಎರಡನೆಯ ವಾರದಲ್ಲಿದೆ, ಅವನ ತಾಯಿ ಟಿಕೆಟ್ ಇನ್ನೂ ಮಾಡಿಸಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧೀಕ್ಷಕ,
ಹನುಮಂತನಗರ, ಬೆಂಗಳೂರು.

(ಮೊಮ್ಮಗಳ ಹೆಸರು ಬಯಲಾಗದಿರಲೆಂದು ನನ್ನ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ತಮ್ಮ ಕಚೇರಿಗೆ ಕಳುಹಿಸಿದ ಪ್ರತಿಯಲ್ಲಿ ಹೆಸರು, ವಿಳಾಸ, ಸಹಿ ಎಲ್ಲವೂ ಇವೆ.)